ಜಾಗಟೆಗೂ ಏಳದ ಕೂಸು

ನೂರಾರು ಕೂಲಿಕಾರರನ್ನು ರಾತ್ರಿ ಪಾಳಿಯಿಂದ ಹಗಲು ಪಾಳಿಗೆ, ಹಗಲು ಪಾಳಿಯಿಂದ ರಾತ್ರಿ ಪಾಳಿಗೆ ಎತ್ತಿ ಹಾಕುವ ಗಂಡಸು ನಾನು! ದಾವಣಗೆರೆಯ ಬಟ್ಟೆ ಮಿಲ್ಲೊಂದರಲ್ಲಿ ಸೂಪರ್‌ವೈಸರ್. ನಾನು ಹುಬ್ಬು ಗಂಟಿಕ್ಕಿದರೆ ತೂಕಡಿಸುವವನಿರಲಿ, ಕೆಟ್ಟು ನಿಂತ ಮಗ್ಗವೂ ತಾನಾಗಿ ಓಡತೊಡಗುತ್ತದೆಂದು ನನ್ನ ನಂಬಿಕೆ. ಅಂಥವನಿಗೆ, ಇನ್ನೂ ಕತ್ತು ನಿಲ್ಲದ ಸ್ವಂತ ಕೂಸನ್ನು ರಾತ್ರಿ ಪಾಳಿಯಿಂದ ಬಿಡಿಸುವುದು ಯಾವ ದೊಡ್ಡ ಕೆಲಸ?

ಕೂಸು ಹುಟ್ಟಿದ್ದು ಹರಿಹರದಲ್ಲಿ, ನನ್ನ ಹೆಂಡತಿ ಸರ್ವಮಂಗಳೆಯ ತವರಿನಲ್ಲಿ. ಬಾಣಂತನವೂ ಅಲ್ಲೇ. ಹಗಲೆಲ್ಲ ಬುದ್ಧನ ಹಾಗೆ ಶಾಂತವಾಗಿ ಮಲಗಿರುತ್ತಿದ್ದ ಮಹಾಶಯ, ರಾತ್ರಿ ಎಲ್ಲರೂ ಹಾಸಿಗೆ ಬಿಡಿಸಿದ ಕೂಡಲೇ ಕಣ್ಣು ತೆರೆದು ರಾಗ ಎಳೆಯುತ್ತಿದ್ದ. ಕೋಳಿ ಕೂಗುವವರೆಗೂ ಬಿಡುವಿಲ್ಲ. ಕೊನೆಕೊನೆಗೆ, ತನ್ನ ಕೂಗು ಯಾರಿಗೂ ಬೇಡವಾಯಿತೆಂದು ಕೋಳಿಯೇ ಬೇಸತ್ತು ಸುಮ್ಮನಾಯಿತಂತೆ!

ಆ ಭಾನುವಾರ ನಾನು ಹೋದಾಗ ಸರ್ವಮಂಗಳೆ ಬಾಯಲ್ಲಿ ಅನ್ನದ ತುತ್ತಿಟ್ಟುಕೊಂಡೇ ನಿದ್ದೆ ಹೋಗಿದ್ದಳು. ಅತ್ತೆ ದ್ರಾಕ್ಷಾಯಣಮ್ಮ ಕೊಟ್ಟ ಕಾಫಿಗೆ ಸಕ್ಕರೆಯ ಬದಲು ಉಪ್ಪು ಬಿದ್ದಿತ್ತು. ಪೇಟೆಯಲ್ಲಿ ಜೋಳದ ವ್ಯಾಪಾರ ಮಾಡುವ ಮಾವ ವಾಮದೇವಪ್ಪ ತಲೆ ಹಿಡಿದುಕೊಂಡು ಕುಳಿತಿದ್ದರು.

"ಅಳಿಯಂದ್ರೆ, ಏನಾರ ಮಾಡ್ರಿ. ನಿನ್ನೆ ಗಿರಾಕಿ ಮುಂದೇ ಗೊರಕಿ ಹೊಡ್ದೆ!" ಎಂದರು.

"ದೃಷ್ಟಿ ಆಗೇತೆ. ಉಕ್ಕಡಗಾತ್ರಿ ಅಜ್ಜಯ್ಯನ ಗದ್ದಿಗಿಗೆ ಹೋಗಿ ಬರಾಣ," ಎಂದರು ಅತ್ತೆ.

ನಾನು ಎದೆ ಉಬ್ಬಿಸಿದೆ. "ಇಷ್ಟಕ್ಕೆಲ್ಲ ಅಜ್ಜಯ್ಯನಿಗೆ ಯಾಕ ತ್ರಾಸು ಕೊಡ್ತೀರಿ? ನಾನಿಲ್ವೇನು? ಹಗಲು ಮಲಗಾಕೆ ಬಿಟ್ಟಿದ್ದೇ ತಪ್ಪು! ಒಂದು ದಿನ ಕಣ್ಣು ಮುಚ್ಚದಂಗೆ ನೋಡ್ಕಂಡ್ರೆ, ರಾತ್ರಿ ಕಲ್ಲು ಬಿದ್ದಂಗೆ ಬಿದ್ಕಂತೈತೆ."

"ರೀ, ಅದು ಕೂಸು. ನಿಮ್ಮ ಮಿಲ್ಲಿನ ಆಳಲ್ಲ," ಸರ್ವಮಂಗಳೆ ಎಚ್ಚೆತ್ತು ಹೇಳಿದಳು.

"ಅಷ್ಟು ಮಂದಿ ನನ್ನ ಮಾತು ಕೇಳ್ತಾರೆ. ಇದು ಕೇಳಲ್ವೇನು?"

"ಅವ್ರಿಗೆ ಸಂಬಳ ಬರ್ತೈತೆ!"

ನಾನು ಹಿಂಜರಿಯುವವನೇ? ಸೋಮವಾರಕ್ಕೆ ರಜೆ ಹೇಳಿಕಳಿಸಿದೆ. ಆ ರಾತ್ರಿಗಾದರೂ ಇರಲೆಂದು, ಮಿಲ್ಲಿನಿಂದ ತಂದಿದ್ದ ಹತ್ತಿಯನ್ನು ಮಾವನ ಕೈಗಿತ್ತು, "ಕಿವಿಗೆ ಇಟ್ಕಳ್ರಿ," ಎಂದೆ. ಪಾಪ, ಅವರಿಗೆ ಆ ಹತ್ತಿ ಎಷ್ಟು ಹಿಡಿಸಿತೆಂದರೆ ಮರುದಿನವೂ ತೆಗೆಯಲಿಲ್ಲ. ಮಧ್ಯಾಹ್ನ ಊಟಕ್ಕೆ ಬಂದವರು ಉಂಡು, ಪಡಸಾಲೆಯ ಮಂಚದ ಮೇಲೆ ಉದ್ದಕ್ಕೆ ಮಲಗಿ, ನೊಣ ಕೂರದಿರಲೆಂದು ಬಿಳಿ ಪಂಚೆಯನ್ನು ಮುಖದ ತುಂಬ ಹೊದ್ದುಕೊಂಡರು.

ಇತ್ತ ಒಳಕೋಣೆಯಲ್ಲಿ ನನ್ನ ಮಹಾಸಮರ ಬೆಳಗಿನಿಂದಲೇ ನಡೆದಿತ್ತು. ಅಂಗಾಲಿಗೆ ಕಚಗುಳಿ ಇಟ್ಟೆ. ಕೂಸು ಕಾಲು ಮಡಚಿಕೊಂಡು ಮಲಗಿತು. ಒದ್ದೆ ಬಟ್ಟೆಯಿಂದ ಮುಖ ಒರೆಸಿದೆ. ಸೆಕೆಗೆ ಹಿತವಾಯಿತೆಂಬಂತೆ ಇನ್ನೂ ಸೊಗಸಾಗಿ ಮಲಗಿತು! ನನ್ನ ಕಂಠದಲ್ಲೇ ಒಂದು ವಚನ ಹಾಡಿದೆ. ಹಿತ್ತಲಲ್ಲಿ ಕಟ್ಟಿದ್ದ ಎಮ್ಮೆ ಹಗ್ಗ ಜಗ್ಗಿತೇ ಹೊರತು ಕೂಸು ಕದಲಲಿಲ್ಲ. ಕೊನೆಗೆ ದೇವರ ಕೋಣೆಯಿಂದ ಜಾಗಟೆ ತಂದೆ.

"ಢಣ್!"

ರೆಪ್ಪೆ ಅಲುಗಲಿಲ್ಲ.

"ಢಣ್! ಢಣ್! ಢಣ್!"

ಕೂಸು ನಿದ್ದೆಯಲ್ಲೇ ನಕ್ಕಿತು! ಹೆತ್ತ ತಂದೆಯನ್ನು ನೋಡಿ ನಗುವುದೇ? ನನ್ನ ಹಟ ನೆತ್ತಿಗೇರಿತು. ಶಂಖವನ್ನೂ ತಂದು ಊದಿದೆ. ಒಂದು ಸಲ ಶಂಖ, ಒಂದು ಸಲ ಜಾಗಟೆ. ಸರ್ವಮಂಗಳೆ ಎರಡೂ ಕಿವಿ ಮುಚ್ಚಿಕೊಂಡು ಚೀರಿದಳು: "ಅಯ್ಯೋ ಶಿವನೇ! ಇನ್ನ ನಾನು ಬದುಕಲ್ಲಪ್ಪಾ!"

ಮಟಮಟ ಮಧ್ಯಾಹ್ನ ಒಂದು ಮನೆಯಿಂದ ಶಂಖ, ಜಾಗಟೆ, ಹೆಂಗಸಿನ ಚೀರಾಟ ಮೂರೂ ಒಟ್ಟಿಗೆ ಕೇಳಿಬಂದರೆ ಬೀದಿಯವರು ಏನೆಂದುಕೊಳ್ಳುತ್ತಾರೆ? ಆ ಯೋಚನೆ ನನಗೆ ಬರಲಿಲ್ಲ. ಪಕ್ಕದ ಮನೆಯ ಮರುಳಸಿದ್ದಮ್ಮನಿಗೆ ಬಂತು. ಆಕೆ ಓಡಿ ಬಂದು ಬಾಗಿಲಲ್ಲಿ ಇಣುಕಿದರು. ಕಂಡದ್ದು, ಬಿಳಿ ಬಟ್ಟೆ ಹೊದ್ದು ನೀಟಾಗಿ ಮಲಗಿದ ಮಾವ. ಹತ್ತಿರ ಹೋಗಿ ಪಂಚೆಯ ಅಂಚು ಸರಿಸಿದರು. ಕಿವಿಯಲ್ಲಿ ಹತ್ತಿ!

"ಅಯ್ಯಯ್ಯೋ, ಬರ್ರೋ! ವಾಮದೇವಣ್ಣ ಹೋಗ್ಬಿಟ್ರು! ಆಗ್ಲೇ ಹತ್ತಿನೂ ಇಟ್ಟಾರೆ!"

ಹೊರಗೆ ಗದ್ದಲ ಕೇಳಿ ನಾನು ಜಾಗಟೆ ಹಿಡಿದುಕೊಂಡೇ ಬಂದೆ. ಪಡಸಾಲೆ ತುಂಬ ಜನ! ಯಾರೋ ಹಿರಿಯರು ನನ್ನನ್ನು ಬಿಗಿಯಾಗಿ ತಬ್ಬಿಕೊಂಡರು. "ಧೈರ್ಯ ತಗಳಪ್ಪ. ಇನ್ಮ್ಯಾಲೆ ಈ ಮನಿಗೆ ನೀನೇ ದಿಕ್ಕು."

"ಯಾಕೆ? ಏನಾಯ್ತು?"

"ಪಾಪ, ದುಃಖಕ್ಕೆ ತಲಿ ಕೆಟ್ಟೇತೆ. ನೀರು ಕೊಡ್ರಿ!"

ನಾನು ಬಾಯಿ ತೆರೆದಾಗಲೆಲ್ಲ ಯಾರಾದರೊಬ್ಬರು ನೀರು ಹೊಯ್ಯುತ್ತಿದ್ದರು. ಅಷ್ಟರಲ್ಲಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಅತ್ತೆ ಓಡಿ ಬಂದು, ಮಂಚದ ಸುತ್ತ ನೆರೆದವರನ್ನು ಕಂಡು, "ಈಗ ತಾನೇ ಎರಡು ರೊಟ್ಟಿ ಉಂಡ್ರಲ್ಲೋ!" ಎಂದು ನೆಲಕ್ಕೆ ಕುಸಿದರು. ಆ ಅಳು ಕೇಳಿ ನನಗೇ ಎದೆ ಧಸಕ್ಕೆಂದಿತು. ನಿಜವಾಗಿಯೂ ಹೋಗಿಬಿಟ್ಟರೇ? ನನ್ನ ಶಂಖಕ್ಕೆ ಎದೆ ಒಡೆಯಿತೇ?

ಆಗ ಜನ ದಾರಿ ಬಿಟ್ಟರು. ಬಂದವನು ಆಚೆ ಪಕ್ಕದ ಅಂಗಡಿಯ ಕೆಂಚವೀರಪ್ಪ. ಸೂರಿನ ನೀರು ಯಾರ ಕಡೆ ಬೀಳಬೇಕೆಂದು ಜಗಳವಾಗಿ, ಅವನೂ ಮಾವನೂ ಮಾತು ಬಿಟ್ಟು ವರ್ಷಗಳಾಗಿದ್ದವು. ಅವನು ಮಂಚದ ಪಕ್ಕ ಕುಕ್ಕರಿಸಿ ಗೊಳೋ ಎಂದ.

"ವಾಮದೇವಾ! ನಿನ್ನಂಥ ದೊಡ್ಡ ಮನುಷ್ಯ ಈ ಪೇಟ್ಯಾಗ ಹುಟ್ಟಿರ್ಲಿಲ್ಲಪ್ಪಾ!"

ಪಂಚೆಯೊಳಗೆ ಏನೋ ಅಲುಗಿತು. ತಲೆದೆಸೆಯಲ್ಲಿ ನಿಂತ ನನಗೊಬ್ಬನಿಗೇ ಅದು ಕಂಡಿದ್ದು. ಒಂದು ಕೈ ಮೆಲ್ಲಗೆ ಕಿವಿಯ ತನಕ ಸರಿಯಿತು, ಹತ್ತಿಯನ್ನು ಕಿತ್ತಿತು, ಮತ್ತೆ ಎದೆಯ ಮೇಲೆ ಹೋಗಿ ಸುಮ್ಮನಾಯಿತು. ಮಾವ ಬದುಕಿದ್ದರು! ಅಷ್ಟೇ ಅಲ್ಲ, ಕೇಳಿಸಿಕೊಳ್ಳುತ್ತಿದ್ದರು!

"ಸೂರಿನ ನೀರಿನ ಜಗಳದಾಗ ತಪ್ಪು ನಂದೇ ಕಣೋ," ಕೆಂಚವೀರಪ್ಪ ಮೂಗೊರೆಸಿಕೊಂಡ. "ಆ ಜಾಗ ನಿಂದೇ."

ಮಾವ ಪಂಚೆ ಕಿತ್ತೊಗೆದು ಎದ್ದು ಕೂತರು. "ಇನ್ನೊಂದ್ಸಲ ಹೇಳು! ಎಲ್ಲಾರೂ ಕೇಳಿಸ್ಕಳ್ರಿ!"

ಆಮೇಲೆ ಯಾರು ಯಾರ ಮೇಲೆ ಬಿದ್ದರೆಂದು ಹೇಳಲಾರೆ. ಮರುಳಸಿದ್ದಮ್ಮ ಬಂದದ್ದಕ್ಕಿಂತ ಜೋರಾಗಿ ಹೊರಗೆ ಓಡಿದರು. ಅತ್ತೆ ಎದ್ದು, ಮೊದಲು ಗಂಡನ ಮುಖ ಮುಟ್ಟಿ ನೋಡಿ, ಆಮೇಲೆ ನನ್ನ ಕೈಯಿಂದ ಜಾಗಟೆ ಕಸಿದುಕೊಂಡರು. ಅಳಿಯನೆಂಬ ಮರ್ಯಾದೆಗೆ ಅದರಿಂದ ನನ್ನ ತಲೆಗೆ ಬಾರಿಸಲಿಲ್ಲ, ಅಷ್ಟೇ!

ಆದರೆ ಸುದ್ದಿ ಆಗಲೇ ಬಸ್ಸು ಹತ್ತಿತ್ತು. ಮಾವನ ಅಂಗಡಿಯ ಆಳು ದುರುಗಣ್ಣ ಕಣ್ಣೊರೆಸಿಕೊಳ್ಳುತ್ತ ದಾವಣಗೆರೆಗೆ ಹೋಗಿ ಬಂಧುಬಳಗಕ್ಕೆಲ್ಲ ತಿಳಿಸಿಬಿಟ್ಟಿದ್ದ. ಸಂಜೆಯವರೆಗೂ ಪ್ರತಿ ಬಸ್ಸಿಗೂ ಒಂದೊಂದು ದಂಡು ಹೂವಿನ ಹಾರ ಹಿಡಿದು ಬಂತು. ತೀರಿಕೊಂಡವರೇ ಬಾಗಿಲಲ್ಲಿ ನಿಂತು, "ಬರ್ರಿ, ಕೂಡ್ರಿ, ಉಪ್ಪಿಟ್ಟು ತಿಂದು ಹೋಗ್ರಿ," ಎಂದು ಉಪಚರಿಸಿದರು. ಒಬ್ಬ ದೊಡ್ಡಮ್ಮನಿಗಂತೂ ತಡೆಯಲಾರದ ಸಿಟ್ಟು. "ಬದುಕಿದ್ರೆ ಒಂದ್ ಮಾತು ಹೇಳಿ ಕಳಿಸ್ಬಾರ್ದೇನು? ಬಸ್ನಾಗ ಸುಮ್ನೆ ಅಷ್ಟು ಅತ್ತೆನಲ್ಲ!"

ಮಾವನನ್ನು ನೋಡಲು ಬಂದವರು ಕೂಸನ್ನು ನೋಡದೆ ಹೋಗುತ್ತಾರೆಯೇ? ಎತ್ತಿಕೊಂಡವರೆಷ್ಟು, ಗಲ್ಲ ಹಿಂಡಿದವರೆಷ್ಟು, ಮೂಗು ತಾತನದೋ ಅಪ್ಪನದೋ ಎಂದು ವಾದ ಮಾಡಿದವರೆಷ್ಟು! ಕೈಯಿಂದ ಕೈಗೆ ದಾಟುತ್ತ, ಕೂಸು ಕಣ್ಣನ್ನು ಬಟ್ಟಲಿನಷ್ಟು ಅಗಲ ಮಾಡಿಕೊಂಡು ಸಂಜೆಯ ತನಕ ಎಚ್ಚರವಾಗಿಯೇ ಇತ್ತು. ದೀಪ ಹಚ್ಚುವ ಹೊತ್ತಿಗೆ ಒಮ್ಮೆ ಆಕಳಿಸಿ ಮಲಗಿತು ನೋಡಿ, ಕಲ್ಲು ಬಿದ್ದಂತೆ!

"ನಾನು ಹೇಳಿರ್ಲಿಲ್ವ?" ಎಂದೆ. ಎಲ್ಲರೂ ಎಂಥದೋ ಹಬ್ಬದ ಊಟ ಸಿಕ್ಕವರಂತೆ ನಿದ್ದೆಗೆ ಮುಗಿಬಿದ್ದಿದ್ದರು.

ನಾನೂ ಮಲಗಿದೆ. ನಿದ್ದೆ ಬರಲಿಲ್ಲ. ಮನೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಭಯವಾಗತೊಡಗಿತು. ಯಾಕೆ ಅಳುತ್ತಿಲ್ಲ? ಇಷ್ಟು ಹೊತ್ತು ಅಳದೆ ಇರುವ ಕೂಸೇ ಅಲ್ಲ ಅದು! ಹೊರಳಿದೆ, ಎದ್ದು ಕುಳಿತೆ, ಕೊನೆಗೆ ಬುಡ್ಡಿ ದೀಪ ಹಿಡಿದು ಬೆಕ್ಕಿನಂತೆ ಒಳಕೋಣೆಗೆ ಹೋದೆ. ಹೊದಿಕೆ ಅಲುಗುತ್ತಿತ್ತೋ ಇಲ್ಲವೋ ಕಾಣಲಿಲ್ಲ. ಮೂಗಿನ ಕೆಳಗೆ ಬೆರಳಿಟ್ಟೆ. ಏನೂ ತಿಳಿಯಲಿಲ್ಲ. ಕಿವಿಯಿಟ್ಟೆ. ನನ್ನ ಎದೆಬಡಿತವೇ ಕೇಳಿಸಿತು. ತಡೆಯಲಾರದೆ, ಒಂದೇ ಒಂದು ಸಲ, ಗಲ್ಲವನ್ನು ಮೆಲ್ಲಗೆ ತಿವಿದೆ.

ಕೂಸು ಕಣ್ಣು ಬಿಟ್ಟಿತು. ನನ್ನನ್ನು ನೋಡಿತು. ಉಸಿರನ್ನು ಆಳವಾಗಿ ಎಳೆದುಕೊಂಡಿತು. ಮುಂದಿನದನ್ನು ತುಂಗಭದ್ರೆಯ ಆಚೆ ದಡದವರೂ ಕೇಳಿಸಿಕೊಂಡಿರಬೇಕು!

ಮನೆಮಂದಿಯೆಲ್ಲ ಎದ್ದು ಬಂದರು. ಸರ್ವಮಂಗಳೆ ದೀಪದ ಬೆಳಕಿನಲ್ಲಿ ನನ್ನನ್ನೇ ದಿಟ್ಟಿಸಿದಳು.

"ಯಾರ್ರೀ ಎಬ್ಸಿದ್ದು?"

"ಅದು... ಉಸಿರಾಡ್ತೈತೋ ಇಲ್ವೋ ಅಂತ..."

ಅವಳು ಕೂಸನ್ನು ಎತ್ತಿ ನನ್ನ ತೋಳಿಗಿಟ್ಟು, ತಲೆಯ ತನಕ ಕಂಬಳಿ ಎಳೆದುಕೊಂಡಳು. ಒಳಗಿನಿಂದ ದನಿ ಬಂತು:

"ಭಾಳ ಚೆನ್ನಾಗಿ ಉಸಿರಾಡ್ತೈತೆ. ಬೆಳಗಾಗೋ ತನಕ ನೋಡ್ಕಂತ ಕೂಡ್ರಿ!"