ರೊಟ್ಟಿ ಬಡಿದು ಆರಿಸಿದ ಓಟದ ಗಡಿಯಾರ

ಮಡಕೆಯನ್ನು ಬೆರಳಿನಿಂದ ತಟ್ಟಿ, ಜೋಳವನ್ನು ಹಲ್ಲಿನಲ್ಲಿ ಕಡಿದು ನೋಡಿಯೇ ಕೊಳ್ಳುವವಳು ನಾನು. ಶಾಲೆ ಕಲಿತದ್ದು ಅಷ್ಟಕ್ಕಷ್ಟೇ ಆದರೂ ಶಹಾಬಾದಿನ ಸಂತೆಯಲ್ಲಿ ನನಗೆ ಯಾರೂ ಟೋಪಿ ಹಾಕಿಲ್ಲ. ಅಂಥವಳಿಗೆ ಒಂದು ಗಡಿಯಾರ ಆರಿಸುವುದು ಯಾವ ದೊಡ್ಡ ಮಾತು?

ಮೊಮ್ಮಗಳು ರೇಣುಕಾ ಓಟದಲ್ಲಿ ಜಿಲ್ಲೆಗೇ ಮೊದಲು ಬಂದಿದ್ದಳು. ನಾನು ಕೇಳಿದವರಿಗೇ ಮತ್ತೆ ಮತ್ತೆ ಹೇಳಿದ್ದರಿಂದ ಹಾಲಿನವನು ಬಾಗಿಲಲ್ಲಿ ಹಾಲಿಟ್ಟು ತಾನೂ ಓಡತೊಡಗಿದ್ದ. ಮುಂದೆ ರಾಜ್ಯದ ಆಯ್ಕೆ ಇತ್ತು. ಎಲ್ಲಿ ವೇಗ ಕಡಿಮೆಯಾಗುತ್ತದೆಂದು ಓಡುವಾಗಲೇ ತೋರಿಸುವ ಜಿಪಿಎಸ್ ಗಡಿಯಾರ ಬೇಕು, ಇಲ್ಲದಿದ್ದರೆ ಕಷ್ಟ ಎಂದು ಅವಳ ಮಾಸ್ತರರು ಹೇಳಿದ್ದರು. ಮೊಬೈಲೇ ಓಣಿಗೊಂದು ಇದ್ದ ಕಾಲ ಅದು.

"ಆಯಿ, ಪರೀಕ್ಷಾ ಮುಗೀಲಿ, ನಾನೇ ಅಂಗಡಿಗಿ ಬರ್ತೀನಿ. ನೀ ಗಡಬಡ ಮಾಡಬ್ಯಾಡ," ಎಂದಿದ್ದಳು ರೇಣುಕಾ. ನಾನು ಮರುದಿನವೇ ಗಂಡನನ್ನು ಹೊರಡಿಸಿಕೊಂಡು ಪಕ್ಕದೂರು ವಾಡಿಗೆ ಹೋದೆ.

ಗಡಿಯಾರದಂಗಡಿಯ ಕರೀಂಸಾಬ ಹೈದರಾಬಾದಿನಿಂದ ತರಿಸಿದ್ದ ಎರಡನ್ನು ಮುಂದಿಟ್ಟ. ಒಂದು ಸುಣ್ಣದ ಡಬ್ಬಿಯಷ್ಟು ದಪ್ಪ. ಇನ್ನೊಂದು ತೆಳ್ಳಗೆ, ಚೆಂದ.

"ದಪ್ಪಂದು ಉಪಗ್ರಹ ಹಿಡದು ದೂರ ಹೇಳ್ತದ್ರಿ ಅಮ್ಮಾರ. ನೋಡ್ಬೇಕಂದ್ರ ಹೊರಗ ಬಯಲಿಗಿ ಬರ್ರಿ."

"ಈ ಬಿಸಲಾಗ? ಒಳಗ ನಡೀಲಾರದ್ದು ಹೊರಗ ಏನ್ ನಡದೀತು?"

ಅಲ್ಲೇ, ಪರ್ಸಿಕಲ್ಲಿನ ದಪ್ಪ ಚಪ್ಪಡಿ ಹೊದಿಸಿದ ಮಾಳಿಗೆಯ ಕೆಳಗೇ ಪರೀಕ್ಷೆ ಶುರು ಮಾಡಿದೆ. ಓಡಿ ನೋಡೋಣವೆಂದರೆ ಮಂಡಿ ಒಪ್ಪುವುದಿಲ್ಲ. ನನ್ನ ಮೈಯಲ್ಲಿ ಜೋರಾಗಿ ಓಡುವುದು ರೊಟ್ಟಿ ಬಡಿಯುವ ಕೈ ಒಂದೇ. ದಪ್ಪ ಗಡಿಯಾರವನ್ನು ಬಲಗೈಗೆ ಕಟ್ಟಿಕೊಂಡು ಅವನ ಗಾಜಿನ ಮೇಜಿನ ಮೇಲೆ ಪಟಪಟನೆ ರೊಟ್ಟಿ ಬಡಿದೆ. ಸೊನ್ನೆ ಸೊನ್ನೆಯಾಗಿಯೇ ಉಳಿಯಿತು. ತೆಳ್ಳನೆಯದನ್ನು ಕಟ್ಟಿಕೊಂಡು ಬಡಿದೆ. ಅಂಕಿ ಕುಣಿದಾಡಿತು.

"ಗಾಜ್ ಒಡೀತದ್ರಿ ಅಮ್ಮಾರ. ಅದು ಬರೇ ಹೆಜ್ಜಿ ಎಣಸೋದು. ಕೈ ಅಲ್ಲಾಡಿದ್ರೂ ಹೆಜ್ಜಿ ಅಂತದ."

"ಎಣಸ್ತದಲ್ಲ? ಆ ದಪ್ಪಂದಕ್ಕ ಅದೂ ಬರಂಗಿಲ್ಲ."

"ಏ, ಅಂವ ಹೇಳೋದರ ಕೇಳು," ಎಂದರು ಬಾಗಿಲಲ್ಲಿ ನಿಂತ ನನ್ನ ಗಂಡ.

"ನೀವು ಸುಮ್ ನಿಂದರ್ರಿ. ಹುಳಕ ಬದನಿಕಾಯಿ ತಂದೋರು ನೀವೇ ಹೌದಲ್ಲ?"

ಆ ಬದನೆಕಾಯಿಯಿಂದಲೇ ನಾನು ಅವರನ್ನು ವರ್ಷಗಟ್ಟಲೆ ಸೋಲಿಸುತ್ತ ಬಂದಿದ್ದೇನೆ.

ತೆಳ್ಳನೆಯದನ್ನೇ ಕೊಂಡು, ಮನೆಗೆ ಬಂದು ಅದಕ್ಕೆ ಶಾಸ್ತ್ರೋಕ್ತವಾಗಿ ಪೂಜೆ ಮಾಡಿದೆ. ನೀರಲ್ಲಿ ಕಲಸಿದ ಅರಿಶಿಣ, ಮೇಲೆ ಕುಂಕುಮ. ರೇಣುಕಾ ಗಡಿಯಾರ ಕಟ್ಟಿಕೊಂಡು ಹೊರಸಿನ ಮೇಲೆ ಕುಳಿತಳು, ಕೈ ಅಲ್ಲಾಡಿಸಿದಳು, ಅಂಕಿ ನೋಡಿದಳು.

"ಆಯಿ, ನಾ ಕುಂತಲ್ಲೇ ಓಡಾಕತ್ತೀನಿ ನೋಡು."

ನಗುತ್ತಾಳೆಂದು ಕಾದೆ. ಅವಳು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು.

ಮರುದಿನ ಮನೆಯಲ್ಲಿ ಯಾರಿಗೂ ಹೇಳದೆ ಮತ್ತೆ ವಾಡಿ. ಕರೀಂಸಾಬ ಗುಂಡಿಯ ಸಂದಿಯಿಂದ ಅರಿಶಿಣವನ್ನು ಉಗುರಿನಲ್ಲಿ ಕೆರೆದು ತೋರಿಸಿದ.

"ನೀವು ಇದನ್ನ ಮದುಮಗಳು ಮಾಡೀರಿ. ಹ್ಯಾಂಗ ವಾಪಸ್ ತಗೊಳ್ಲಿ?"

"ಹೋಗಲಿ ಬಿಡಪ್ಪಾ. ಆ ದಪ್ಪಂದು ತೆಗೆದಿಡು, ಹ್ಯಾಂಗರ ಮಾಡಿ ಒಯ್ತೀನಿ."

"ಅದು ಮುಂಜಾನೆನೇ ಹೋಯ್ತ್ರಿ," ಎಂದು ಮೀಸೆಯಲ್ಲೇ ನಕ್ಕ. ನನಗೆ ಸಂಕಟ, ಇವನಿಗೆ ನಗೆ! ದಾರಿಯುದ್ದಕ್ಕೂ ಅವನನ್ನೂ, ಉಪಗ್ರಹವನ್ನೂ, ಅದನ್ನು ಮೇಲೆ ಬಿಟ್ಟವರನ್ನೂ ಬೈದುಕೊಂಡೆ. ನನ್ನನ್ನು ಬೈದುಕೊಳ್ಳುವಷ್ಟರಲ್ಲಿ ಮನೆ ಬಂತು.

ಅಂಗಳದಲ್ಲಿ ರೇಣುಕಾ ಆಕಾಶಕ್ಕೆ ಕೈ ಎತ್ತಿ ನಿಂತಿದ್ದಳು. ಕೈಯಲ್ಲಿ ಅದೇ ಸುಣ್ಣದ ಡಬ್ಬಿ!

"ಹಿಡೀತು ಆಯಿ, ಉಪಗ್ರಹ ಹಿಡೀತು," ಎಂದವಳೇ ರಸ್ತೆಗಿಳಿದು ಓಡಿದಳು.

ಹೊರಸಿನ ಮೇಲೆ ನನ್ನ ಗಂಡ ಕಾಲು ಚಾಚಿ ಕುಳಿತಿದ್ದರು. ಹೊಸ ಸೈಕಲ್ಲಿಗೆಂದು ಇಟ್ಟುಕೊಂಡಿದ್ದ ದುಡ್ಡಿನಲ್ಲಿ ಮುಂಜಾನೆಯೇ ಹೋಗಿ ಅದನ್ನು ತಂದಿದ್ದರು.

"ಛಂದಂಗ ನೋಡ್ಕೊ," ಎಂದರು. "ಇದರಾಗ ಹುಳಕ ಇಲ್ಲ."

ರೇಣುಕಾ ಆಯ್ಕೆಯಾದಳು. ಈ ಸಲ ಹಾಲಿನವನಿಗೆ ಪೇಢಾ ಕೊಟ್ಟು, ಕೈ ಹಿಡಿದು ನಿಲ್ಲಿಸಿಯೇ ಹೇಳಿದೆ.

ಅರಿಶಿಣ ಹಚ್ಚಿದ ಆ ಮದುಮಗಳು ಮಾತ್ರ ನನ್ನ ಕೈಯಲ್ಲೇ ಇದ್ದಾಳೆ. ರೊಟ್ಟಿ ಮುಗಿದ ಮೇಲೆ ರೇಣುಕಾ ಅಂಕಿ ನೋಡಿ, "ಆಯಿ, ಇವತ್ತ ನೀ ವಾಡಿ ಮುಟ್ಟೀದಿ," ಎನ್ನುತ್ತಾಳೆ. ಅಷ್ಟು ದೂರ ಓಡಿದ ನನ್ನನ್ನು ಒಲೆಯ ಮುಂದಿನಿಂದ ಎಬ್ಬಿಸಲು ಇಬ್ಬರು ಬೇಕು.