ಫ್ಲಾಸ್ಕ್ ಸಮೇತ ಪ್ರಜೆಯಾದ ಪ್ರಸಂಗ

ಸ್ವೀಡನ್ನಿಗೆ ಬಂದ ಮೇಲೆ ನಾನು ಚೆನ್ನಾಗಿ ಕಲಿತ ವಿದ್ಯೆ ಒಂದೇ: ಸಾಲಿನಲ್ಲಿ ನಿಲ್ಲುವುದು. ಸ್ವೀಡಿಷ್ ಇನ್ನೂ ನಾಲಿಗೆಗೆ ಹತ್ತಿಲ್ಲ, ಸೈಕಲ್ ನನ್ನನ್ನು ಹತ್ತಿಸಿಕೊಳ್ಳುವುದಿಲ್ಲ. ಆದರೆ ಸಾಲು ಕಂಡರೆ ಸಾಕು, ಕೊನೆಗೆ ಹೋಗಿ, ಮೊಳದಷ್ಟು ಅಂತರ ಬಿಟ್ಟು, ಯಾರನ್ನೂ ಏನೂ ಕೇಳದೆ ನಿಂತುಬಿಡುತ್ತೇನೆ. ಈ ವಿದ್ಯೆಯೇ ನನ್ನನ್ನು ವೇದಿಕೆ ಹತ್ತಿಸಿತು.

ನಾವಿರುವ ಸುಂಡ್‌ಬೀಬರ್ಯ್ ಊರಿನ ನಮ್ಮ ಬೀದಿಯಲ್ಲಿ ಸೊಮಾಲಿ ಹೆಂಗಸರ ಒಂದು ಸೇವಾ ಸಂಘವಿದೆ. ಮಸೀದಿಯಲ್ಲಿ ಪರಿಚಯವಾದ ಹೊದನ್ ಕರೆದಳೆಂದು ನಾನೂ ಸೇರಿದೆ. ಸೇವೆಯೆಂದರೆ ಬಹುಪಾಲು ಕಾಫಿ ಹಂಚುವುದು. ಜೂನ್ ಆರು ಇಲ್ಲಿಯ ರಾಷ್ಟ್ರೀಯ ದಿನ. ಹೊಸದಾಗಿ ಪೌರತ್ವ ಸಿಕ್ಕವರನ್ನು ಅಂದು ಪಾರ್ಕಿನಲ್ಲಿ ವೇದಿಕೆ ಹತ್ತಿಸಿ, ಕೈಕುಲುಕಿ, ಪುಟ್ಟ ಬಾವುಟ ಕೊಡುತ್ತಾರೆ. ಈ ಸಲ ಹೊದನ್‌ಗೂ ಸಿಕ್ಕಿತ್ತು. ಕಾಫಿ ನಮ್ಮ ಸಂಘದ್ದು.

“ಸಿಸ್ಟರ್, ನನಗೆ ಒಂದೇ ಒಂದು ಫೋಟೊ ಬೇಕು,” ಎಂದು ಹೊದನ್ ತನ್ನ ಫೋನನ್ನು ನನ್ನ ಕೈಗಿಟ್ಟಳು. “ಮೊಗದಿಶುವಿನಲ್ಲಿ ನಮ್ಮಮ್ಮ ಕಾಯ್ತಿದ್ದಾಳೆ. ಇಷ್ಟು ವರ್ಷ ನಾನಿಲ್ಲಿ ಏನೂ ಮಾಡಿಲ್ಲ ಅಂತ ಅವಳ ನಂಬಿಕೆ. ದೊಡ್ಡ ಮನುಷ್ಯರು ನನ್ನ ಕೈಕುಲುಕೋದು ಅವಳಿಗೆ ಕಾಣ್ಬೇಕು.”

“ನೀನು ಚಿಂತೆ ಬಿಡು. ಇನ್ಶಾ ಅಲ್ಲಾಹ್, ಅಮ್ಮ ಫ್ರೇಮ್ ಹಾಕಿಸೋ ಥರ ತೆಗೀತೀನಿ.”

ಮನೆಯಲ್ಲಿ ನಮ್ಮ ಯಜಮಾನರು ಮೊದಲೇ ಎಚ್ಚರಿಸಿದ್ದರು. “ನಮ್ಮ ಅಪ್ಲಿಕೇಶನ್ ಇನ್ನೂ ಪೆಂಡಿಂಗ್ ಇದೆ. ಅಲ್ಲಿ ಹೋಗಿ ಏನೂ ಎಡವಟ್ಟು ಮಾಡ್ಕೋಬೇಡ.”

“ಕಾಫಿ ಕೊಡೋದ್ರಲ್ಲಿ ಏನ್ರೀ ಎಡವಟ್ಟು?” ಎಂದಿದ್ದೆ.

ಸಮಾರಂಭ ಶುರುವಾಯಿತು. ಇಲ್ಲಿಯ ಜನ ದೇವರ ದಯೆಯಿಂದ ಎತ್ತರ. ಕಾಫಿ ಮೇಜಿನಿಂದ ನನಗೆ ಕಂಡದ್ದು ಬರೀ ಬೆನ್ನುಗಳು. ಹೊದನ್‌ನ ಸರದಿ ತಪ್ಪಿಹೋದೀತೆಂದು ಕೈಯಲ್ಲಿದ್ದ ಫ್ಲಾಸ್ಕನ್ನೂ ಪೇಪರ್ ಕಪ್ಪನ್ನೂ ಕೆಳಗಿಡದೆ ಓಡಿದೆ. ವೇದಿಕೆಯ ಹಿಂದಿನ ಡೇರೆಯ ಪಕ್ಕದಲ್ಲಿ ಒಂದು ಸಾಲು. ಎಲ್ಲರ ಕೈಯಲ್ಲೂ ಫೋನು. ಫೋಟೊ ತೆಗೆಯುವವರಿಗೂ ಸಾಲು ಮಾಡಿದ್ದಾರಲ್ಲ, ಎಂಥ ಶಿಸ್ತಿನ ದೇಶ ಎಂದು ಮೆಚ್ಚಿಕೊಂಡು ಕೊನೆಯಲ್ಲಿ ನಿಂತೆ. ಯಾರೂ ಏನೂ ಕೇಳಲಿಲ್ಲ. ಇಲ್ಲಿ ಸಾಲಿನಲ್ಲಿ ನಿಂತವರನ್ನು ಯಾರೂ ಏನೂ ಕೇಳುವುದಿಲ್ಲ.

ಸಾಲು ಡೇರೆಯನ್ನು ಸುತ್ತಿ ಮುಂದೆ ಸರಿಯಿತು. ಮೆಟ್ಟಿಲು ಬಂತು. ಮೇಲಿಂದ ತೆಗೆದರೆ ಫೋಟೊ ಚೆನ್ನಾಗಿ ಬರುತ್ತದೆಂದು ಹತ್ತಿದೆ. ಎದುರಿಗೆ ಸೂಟು ಹಾಕಿದ ಅಧಿಕಾರಿ! ಅವರ ಹಿಂದೆ, ಆಗಲೇ ಬಾವುಟ ಪಡೆದವರ ಗುಂಪಿನಲ್ಲಿ ಹೊದನ್, ಕಣ್ಣರಳಿಸಿಕೊಂಡು ನನ್ನನ್ನೇ ನೋಡುತ್ತಿದ್ದಾಳೆ. ಅವಳ ಕೈಕುಲುಕಿಯಾಗಿತ್ತು. ಅವಳ ಫೋನು ನನ್ನ ಬ್ಯಾಗಿನಲ್ಲಿ ಬೆಚ್ಚಗೆ ಮಲಗಿತ್ತು.

ಅಧಿಕಾರಿ ನಗುತ್ತಾ ನನ್ನತ್ತ ಕೈಚಾಚಿದರು. ನಾನು ಪರಪುರುಷರ ಕೈಕುಲುಕುವವಳಲ್ಲ. ಎದೆಯ ಮೇಲೆ ಕೈಯಿಟ್ಟು ತಲೆಬಾಗುವುದು ನನ್ನ ರೂಢಿ. ಆದರೆ ಎದೆಯ ಹತ್ತಿರ ಫ್ಲಾಸ್ಕ್ ಇತ್ತು. ಚಾಚಿದ ಕೈ ಹಾಗೇ ಕಾಯುತ್ತಿತ್ತು. ಬೆಳಗಿನಿಂದ ಚಾಚಿದ ಕೈಗಳಿಗೆಲ್ಲ ನಾನು ಏನು ಕೊಟ್ಟಿದ್ದೆನೋ ಅದನ್ನೇ ಕೊಟ್ಟೆ. ಪೇಪರ್ ಕಪ್ಪಿಗೆ ಕಾಫಿ ಬಗ್ಗಿಸಿ ಅವರ ಕೈಗಿಟ್ಟೆ.

ಅವರು ಒಂದು ಕ್ಷಣ ಕಪ್ಪನ್ನು ನೋಡಿದರು. “ಥ್ಯಾಂಕ್ ಯೂ” ಎಂದು ಕುಡಿದರು. ಜನ ಚಪ್ಪಾಳೆ ತಟ್ಟಿದರು. ನನಗೂ ಬಾವುಟ ಸಿಕ್ಕಿತು.

ನಾನು ಪೌರತ್ವ ಸಿಕ್ಕವಳಲ್ಲ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ರಾಷ್ಟ್ರಗೀತೆ ಶುರುವಾಯಿತು. ರಾಷ್ಟ್ರಗೀತೆ ನಡೆಯುವಾಗ ಅಲ್ಲಾಡಬಾರದೆಂದು ಶಾಲೆಯಲ್ಲಿ ಕಲಿತವಳು ನಾನು, ಯಾವ ದೇಶದ್ದಾದರೇನು? ನೆಟ್ಟಗೆ ನಿಂತೆ. ಗುಂಪಿನ ಫೋಟೊ ಕ್ಲಿಕ್ ಆಯಿತು.

ಇನ್ನೊಮ್ಮೆ ಹೊದನ್‌ನ ಕೈಕುಲುಕಿ ಎಂದು ಬೇಡಿಕೊಳ್ಳಲು ಹೋದರೆ ಅಧಿಕಾರಿ ಹೊರಟುಹೋಗಿದ್ದರು. ಖಾಲಿ ಕಪ್ ಮಾತ್ರ ಇತ್ತು. ಪೂರ್ತಿ ಕುಡಿದಿದ್ದರು, ಅಲ್‌ಹಮ್ದುಲಿಲ್ಲಾಹ್.

ಸಂಜೆ ಫೋಟೊ ಅಂತರ್ಜಾಲಕ್ಕೆ ಬಂತು. ನಟ್ಟನಡುವೆ ನಾನು, ಫ್ಲಾಸ್ಕ್ ಸಮೇತ. ನನ್ನ ಹಿಂದೆ ಹೊದನ್‌ನ ಒಂದು ಹುಬ್ಬು.

ಯಜಮಾನರು ಅದನ್ನು ಬಹಳ ಹೊತ್ತು ನೋಡಿದರು. “ಇಷ್ಟು ವರ್ಷ ಟ್ಯಾಕ್ಸ್ ಕಟ್ಟಿ ನಾನಿನ್ನೂ ಪೆಂಡಿಂಗು. ನೀನು ಕಾಫಿ ಕೊಟ್ಟು ಸಿಟಿಜನ್ ಆಗ್ಬಿಟ್ಯಲ್ಲ.”

ಬೇರೆ ಗತಿಯಿಲ್ಲದೆ ಹೊದನ್ ಅದನ್ನೇ ಅಮ್ಮನಿಗೆ ಕಳುಹಿಸಿದಳು. ಮರುದಿನ ನಾನು ಕ್ಷಮೆ ಕೇಳಲು ಹೋದಾಗ ಅಮ್ಮ ಸೊಮಾಲಿಯಲ್ಲಿ ಮಾತಾಡಿ ಕಳಿಸಿದ್ದ ಉತ್ತರವನ್ನು ಫೋನಿನಲ್ಲಿ ಕೇಳಿಸಿ, ಒಂದೊಂದೇ ಮಾತಿನ ಅರ್ಥ ಹೇಳಿದಳು. “ಎಲ್ಲರಿಗೂ ಬರೀ ಬಾವುಟ. ಆ ಹೆಂಗಸಿಗೆ ಮಾತ್ರ ಫ್ಲಾಸ್ಕೂ ಕೊಟ್ಟಿದ್ದಾರೆ. ಅವಳು ಏನೋ ಸಾಧಿಸಿರಬೇಕು. ನಿನಗೆ ಯಾಕೆ ಕೊಡಲಿಲ್ಲ?”

ನಾನು ತಲೆ ತಗ್ಗಿಸಿದೆ. ಹೊದನ್‌ಗೆ ನಗು ತಡೆಯಲಾಗಲಿಲ್ಲ. “ಹೋಗಿ ಆ ಫ್ಲಾಸ್ಕ್ ತಗೊಂಡು ಬಾ, ಸಿಸ್ಟರ್.”

ಕಿಟಕಿಯ ಬೆಳಕಿನಲ್ಲಿ, ಒಂದು ಕೈಯಲ್ಲಿ ಬಾವುಟ, ಇನ್ನೊಂದರಲ್ಲಿ ಫ್ಲಾಸ್ಕ್ ಹಿಡಿದು ನಿಂತ ಹೊದನ್‌ಳನ್ನು ಈ ಸಲ ಪೂರ್ತಿಯಾಗಿ ತೆಗೆದೆ, ಎರಡೂ ಹುಬ್ಬಿನ ಸಮೇತ. ಅಮ್ಮ ಅದನ್ನು ಓಣಿಗೆಲ್ಲ ತೋರಿಸಿದ್ದಾಳಂತೆ. ಮಗಳಿಗೂ ಕೊನೆಗೆ ಫ್ಲಾಸ್ಕ್ ಕೊಟ್ಟರಂತೆ.

ಸಂಘದವರು ನನ್ನನ್ನು ಕಾಫಿ ಸೇವೆಯಿಂದ ಗೌರವಪೂರ್ವಕವಾಗಿ ಬಿಡುಗಡೆ ಮಾಡಿದ್ದಾರೆ. ಈಗ ಕುರ್ಚಿ ಹಾಕುತ್ತೇನೆ. ಸಾಲಾಗಿ.