ಮುನಕ್ಕನ ಮನೆಗೆ ಪುಕ್ಕಟೆ ನಲ್ಲಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅತ್ತೆಯ ಪಾದವನ್ನು ಹಸು ತುಳಿದದ್ದು ಸೋಮವಾರವೋ ಮಂಗಳವಾರವೋ, ಪ್ಲಾಸ್ಟರ್ ಹಾಕಿದ್ದು ಎಡಗಾಲಿಗೋ ಬಲಗಾಲಿಗೋ, ನನಗೆ ಖಚಿತವಿಲ್ಲ. ದಿನಚರಿಯಲ್ಲಿ ಎಡಗಾಲು ಎಂದಿದೆ. ಆದರೆ ದಿನಚರಿ ಬರೆದವಳೂ ನಾನೇ ಆದ್ದರಿಂದ ಅದನ್ನು ಸ್ವತಂತ್ರ ಸಾಕ್ಷಿ ಎಂದು ಪರಿಗಣಿಸಲಾಗದು. ಇತಿಹಾಸದಲ್ಲಿ ಎಂ.ಎ. ಮಾಡಿ ನಾನು ಗಳಿಸಿದ್ದು ಇಷ್ಟೇ: ನನ್ನ ಮಾತನ್ನು ನಾನೇ ನಂಬುವುದಿಲ್ಲ.

ಒಂದು ಮಾತ್ರ ಖಚಿತ. ಆಟ ಹಾಳು ಮಾಡಿದ್ದು ನಾನು.

ಆಟದ ಹೆಸರು ಗಣಿಪೇಟೆ. ಮೊಬೈಲಿನಲ್ಲಿ ಆಡುವುದು. ಆದರೆ ಚಿತ್ರವಿಲ್ಲ, ಸದ್ದಿಲ್ಲ, ಬರೀ ಅಕ್ಷರ. ನೀವು "ನಡೆ" ಎಂದು ಟೈಪ್ ಮಾಡಿದರೆ "ನೀವು ನಡೆದು ಬೀದಿ ನಲ್ಲಿಯ ಹತ್ತಿರ ಬಂದಿರಿ" ಎಂದು ಉತ್ತರ ಬರುತ್ತದೆ. ಕೆ.ಜಿ.ಎಫ್. ಕಡೆಯ ನಾಲ್ಕಾರು ಗೆಳೆಯರು ಬಿಡುವಿನಲ್ಲಿ ತಮ್ಮೂರಿನ ಹಾಗೆಯೇ ಕಟ್ಟಿದ ಆಟ, ಆಡುವವರು ಮೂವತ್ತು ಜನ. ಅದರಲ್ಲಿ ಪ್ರತಿಯೊಬ್ಬರೂ ಬೆಳಿಗ್ಗೆ ಬಿಂದಿಗೆ ಹಿಡಿದು ನಲ್ಲಿಯ ಸಾಲಿನಲ್ಲಿ ಅರ್ಧ ಗಂಟೆ ಕಾಯಬೇಕು. ನೀರು ಸಿಕ್ಕಿದ ಮೇಲೆಯೇ ಗಣಿಗೆ ಇಳಿಯಲು ಅಪ್ಪಣೆ. ನೂರು ದಿನ ಗಣಿಗೆ ಇಳಿದವರ ಮನೆಗೆ ಸ್ವಂತ ನಲ್ಲಿ ಬರುತ್ತದೆ. ಆವರೆಗೆ ಯಾರಿಗೂ ಬಂದಿರಲಿಲ್ಲ.

ಮೊದಲು ನೋಡಿಕೊಳ್ಳುತ್ತಿದ್ದವರು ಬಿಡುವಿಲ್ಲವೆಂದು ಕೈಬಿಟ್ಟಾಗ ಆಡಳಿತ ನನ್ನ ಪಾಲಿಗೆ ಬಂತು. ನನ್ನ ಯೋಗ್ಯತೆ ನೋಡಿ ಬಂತು ಎಂದು ನಾನು, ಬೇರೆ ಯಾರೂ ಒಪ್ಪಲಿಲ್ಲ ಎಂದು ನನ್ನ ಗಂಡ. ಅಧಿಕಾರ ವಹಿಸಿಕೊಂಡ ದಿನವೇ ನಿಯಮ ಹೊರಡಿಸಿದೆ: "ಆಡಳಿತಗಾರರು ಯಾವುದೇ ಆಟಗಾರರಿಗೆ, ಯಾವುದೇ ಕಾರಣಕ್ಕೂ, ಯಾವುದೇ ಸವಲತ್ತನ್ನು ಪುಕ್ಕಟೆಯಾಗಿ ನೀಡತಕ್ಕದ್ದಲ್ಲ." ಒಂದು ವಾಕ್ಯದಲ್ಲಿ ಮೂರು "ಯಾವುದೇ". ಬಹಳ ಹೆಮ್ಮೆಯಾಯಿತು. ನಿಯಮ ಹನ್ನೊಂದು ದಿನ ಬದುಕಿತು.

ಅತ್ತೆ ಅಂದರೆ ಸೋದರತ್ತೆ, ಅಪ್ಪನ ಅಕ್ಕ ಮುನಿವೆಂಕಟಮ್ಮ. ಬೇತಮಂಗಲದಲ್ಲಿ ಎರಡು ಹಸು ಕಟ್ಟಿಕೊಂಡಿದ್ದಾಳೆ. ಎರಡು ಹೊತ್ತೂ ಹಾಲು ಹಾಕುವ ನೆಪದಲ್ಲಿ ಡೇರಿ ಮುಂದೆ ನಿಂತು ಮಾತಾಡದಿದ್ದರೆ ಅವಳಿಗೆ ಅನ್ನ ಇಳಿಯುವುದಿಲ್ಲ. ಇದು ಅಲಂಕಾರದ ಮಾತಲ್ಲ. ಪ್ಲಾಸ್ಟರ್ ಹಾಕಿ ಆರು ವಾರ ಮಂಚ ಬಿಡಬೇಡಿ ಅಂದ ನಾಲ್ಕನೇ ದಿನಕ್ಕೆ ನಿಜವಾಗಿಯೂ ಊಟ ಬಿಟ್ಟು ಗೋಡೆ ಕಡೆ ತಿರುಗಿ ಮಲಗಿದಳು. ನಾವೆಲ್ಲ ಹೆದರಿದೆವು. ನಾನು ಬಂಗಾರಪೇಟೆಯಿಂದ ಬಸ್ಸಿನಲ್ಲಿ ಹೋಗಿ ಅವಳ ಫೋನಿಗೆ ಗಣಿಪೇಟೆ ಹಾಕಿಕೊಟ್ಟೆ. "ಮುನಕ್ಕ" ಎಂದು ಹೆಸರಿಟ್ಟುಕೊಂಡಳು. ವಾರದಲ್ಲಿ ಊಟ ಶುರುವಾಯಿತು, ನಮ್ಮನ್ನು ಬೈಯುವುದೂ ಶುರುವಾಯಿತು. ಗೆದ್ದೆ ಅಂದುಕೊಂಡೆ.

ಒಂದು ಬೆಳಿಗ್ಗೆ ಅತ್ತೆಯ ಫೋನ್.

"ಲೇ ಸುಧಾ, ಕೆ.ಜಿ.ಎಫ್‌ಗೆ ನೀರು ಎಲ್ಲಿಂದ ಓಗ್ತೈತೆ?"

"ನಿಮ್ಮೂರ ಕೆರೆಯಿಂದ ಅತ್ತೆ."

"ನಮ್ಮೂರ ನೀರು ಇಡ್ಕಳಾಕೆ ನಾನು ಅಷ್ಟು ಜನದ ಇಂದೆ ನಿಂತ್ಕಬೇಕಾ? ಅದೂ ನಮ್ಮುಡುಗಿ ಆಪೀಸ್ನಾಗೆ ಕುಂತಿರುವಾಗ?"

"ಅದು ಆಟ ಅತ್ತೆ."

"ಆಟಾನೇ ಕಣೇ. ಆಟದಾಗೆ ನಮ್ಮೋರು ತಮ್ಮೋರು ಅಂತ ಇರಾಕಿಲ್ವಾ?"

ಇನ್ನೂ ಏನೋ ಅಂದಳು. ಕುಕ್ಕರ್ ಕೂಗುತ್ತಿದ್ದರಿಂದ ಕೇಳಿಸಲಿಲ್ಲ. ಫೋನಿಟ್ಟವಳೇ ಆಡಳಿತದ ಪುಟ ತೆರೆದು "ಕೊಡು ನಲ್ಲಿ ಮುನಕ್ಕ" ಎಂದು ಬರೆದೆ. ಮೂರು ಪದ. ಯಾರಿಗೂ ತಿಳಿಯದ ಪುಣ್ಯಕಾರ್ಯ.

ಆಡಳಿತಗಾರರು ಏನು ಕೊಟ್ಟರೂ ಆಟ ಅದನ್ನು ಎಲ್ಲರಿಗೂ ಸಾರುತ್ತದೆ ಎಂಬುದನ್ನು ಯಾರೋ ನನಗೆ ಹೇಳಿದ್ದರಂತೆ. ನನಗೆ ನೆನಪಿಲ್ಲ. ಸಾಲಿನಲ್ಲಿ ನಿಂತಿದ್ದ ಹತ್ತೊಂಬತ್ತು ಜನರ ಫೋನಿನಲ್ಲೂ ಒಟ್ಟಿಗೆ ಮೂಡಿತು: "ಸಂತೋಷದ ಸುದ್ದಿ. ಆಡಳಿತಗಾರ್ತಿ ಸುಧಾ ಅವರು ಪ್ರಸನ್ನರಾಗಿ ಮುನಕ್ಕನ ಮನೆಗೆ ನಲ್ಲಿ ದಯಪಾಲಿಸಿದ್ದಾರೆ."

ಯಾರೂ ಸಂತೋಷಪಟ್ಟಂತೆ ಕಾಣಲಿಲ್ಲ. ಮೊದಲು ಬರೆದವರು ಕೆ.ಜಿ.ಎಫ್.ನ ಮೈಸೂರು ಮೈನ್ಸ್ ಕಡೆಯ ನಿವೃತ್ತ ಪಿ.ಟಿ. ಮೇಷ್ಟ್ರು: "ಮೇಡಂ, ನಾನು ತೊಂಬತ್ತೆರಡು ದಿನ ಇಳಿದಿದ್ದೇನೆ. ಮುನಕ್ಕ ಒಂಬತ್ತು ದಿನ. ಇದು ಯಾವ ನ್ಯಾಯ, ತಿಳಿಸಿ." ಆಮೇಲೆ ಊರಿಗಾಂ ಸೆಲ್ವಿ ಎಂಬ ಹೆಸರಿನಲ್ಲಿ ಆಡುವ ಹೆಂಗಸು. ಸಾಲಿನಲ್ಲಿ ದಿನವೂ ಅತ್ತೆಯ ಮುಂದೆಯೇ ನಿಲ್ಲುತ್ತಿದ್ದವರು. "ಮುನಕ್ಕಾ, ಮನೆಗೇ ತಣ್ಣೀರಾ? ಸರಿ, ನೀನು ಇನ್ನು ಇಲ್ಲಿಗೆ ಬರಲ್ಲ" ಎಂದಷ್ಟೇ ಬರೆದರು. ನಾನು ಅದನ್ನು ಹೊಟ್ಟೆಕಿಚ್ಚು ಎಂದು ಓದಿಕೊಂಡೆ.

"ವಾಪಸ್ ತಗೊಂಡು ಕ್ಷಮೆ ಕೇಳು," ಅಂದರು ನನ್ನ ಗಂಡ.

"ಆಡಳಿತ ಹಾಗೆ ನಡೆಯಲ್ಲ ರೀ. ಕೊಟ್ಟಾದ ಮೇಲೆ ಅದಕ್ಕೊಂದು ಯೋಜನೆ ಮಾಡಬೇಕು."

ಮಾಡಿದೆ. "ಕಾಲಿಗೆ ಪೆಟ್ಟಾದ ಆಟಗಾರರ ವಿಶೇಷ ನಲ್ಲಿ ಯೋಜನೆ." ಅತ್ತೆಗೆ ಕೊಟ್ಟದ್ದು ವಶೀಲಿಯಲ್ಲ, ನೀತಿ ಎಂದು ತೋರಿಸುವುದು ಇದರ ಘನ ಉದ್ದೇಶ. ಮಾರನೆಯ ದಿನದ ಹೊತ್ತಿಗೆ ಗಣಿಪೇಟೆಯಲ್ಲಿ ನೆಟ್ಟಗಿರುವ ಕಾಲು ನಾಲ್ಕೇ ಉಳಿದಿದ್ದವು. ಒಬ್ಬರು ಉಳುಕು ಎಂದರು, ಒಬ್ಬರು ಆಣಿ ಎಂದರು, ಒಬ್ಬರು ಎರಡೂ ಕಾಲಿಗೆ ಪೆಟ್ಟಾಗಿದೆ, ಆದ್ದರಿಂದ ಎರಡು ನಲ್ಲಿ ಬೇಕು ಎಂದರು. ಪರೀಕ್ಷಿಸುವುದು ಹೇಗೆ? ಅಕ್ಷರದ ಆಟದಲ್ಲಿ ಕಾಲು ಕಾಣುವುದಿಲ್ಲ. ಎಲ್ಲರಿಗೂ ಕೊಟ್ಟೆ. ನೆಟ್ಟಗಿನ ಕಾಲುಗಳಲ್ಲಿ ಎರಡು ಸೆಲ್ವಿಯವರದು. ಅವರು ಕೇಳಿರಲಿಲ್ಲ, ಅವರಿಗೂ ಕೊಟ್ಟೆ, ನಿಷ್ಪಕ್ಷಪಾತಕ್ಕಾಗಿ. ಉಳಿದ ಎರಡು ಕಾಲು ಪಿ.ಟಿ. ಮೇಷ್ಟ್ರದು. "ನನ್ನ ಕಾಲು ಚೆನ್ನಾಗಿವೆ, ನಾನು ಸಾಲಿನಲ್ಲೇ ಬರುತ್ತೇನೆ" ಎಂದು ಬರೆದು ಮರುದಿನ ಬೆಳಿಗ್ಗೆ ಬಂದು ನಿಂತರು. ಆಟ ಅವರಿಗೆ ತಿಳಿಸಿತು: "ನಿಮ್ಮ ಮುಂದೆ ಯಾರೂ ಇಲ್ಲ. ನಿಮ್ಮ ಹಿಂದೆಯೂ ಯಾರೂ ಇಲ್ಲ."

"ಸರ್ಕಾರಗಳಿಗೆ ಇದಕ್ಕೆ ಐದು ವರ್ಷ ಬೇಕು, ನೀನು ಮೂರು ದಿನದಲ್ಲಿ ಮುಗಿಸಿದೆ," ಅಂದರು ಗಂಡ.

ಅದೇ ವಾರ ಬೇತಮಂಗಲದಿಂದ ಸುದ್ದಿ ಬಂತು. ಅತ್ತೆ ಮತ್ತೆ ಊಟ ಬಿಟ್ಟಿದ್ದಾಳೆ, ಮತ್ತೆ ಗೋಡೆ ಕಡೆ ತಿರುಗಿದ್ದಾಳೆ. ಫೋನ್ ಮಾಡಿದೆ.

"ನಲ್ಲಿ ಚೆನ್ನಾಗಿಲ್ವಾ ಅತ್ತೆ?"

"ಚೆನ್ನಾಗೈತೆ. ತಿರುಗಿಸಿದ್ರೆ ಬತ್ತದೆ. ಆಮ್ಯಾಕೆ?"

"ಆಮೇಲೆ ಗಣಿಗೆ ಇಳಿಯೋದು."

"ಗಣಿ ಯಾವಳಿಗೆ ಬೇಕು? ಸೆಲ್ವಿ ಅವಳ ಬೀಗ್ತಿ ಕತೆ ಏಳ್ತಿದ್ಲು, ಅರ್ಧಕ್ಕೇ ನಿಂತೋಯ್ತು. ಈಗ ಅವಳು ಬರಾದೇ ಇಲ್ಲ."

"ಅವರ ನಂಬರ್ ಇಸ್ಕೊಳ್ಳಲಿಲ್ವಾ?"

"ದಿನಾ ಸಾಲಾಗೆ ಸಿಗೋಳ್ದು ನಂಬರ್ ಯಾಕೆ ಇಸ್ಕಂತಾರೆ?"

ಅತ್ತೆಗೆ ಬೇಕಿದ್ದುದು ಸಾಲಿನಲ್ಲಿ ಹರಟುವ ಆ ಅರ್ಧ ಗಂಟೆ. ನಾನು ತೆಗೆದು ಹಾಕಿದ್ದೂ ಅದನ್ನೇ. ಕೂಡಲೇ ಎಲ್ಲರ ನಲ್ಲಿ ಕಿತ್ತು ಸಾಲನ್ನು ಮರುಸ್ಥಾಪಿಸಿದೆ. ಕೊಟ್ಟದ್ದನ್ನು ಕಿತ್ತುಕೊಳ್ಳುವವರ ಬಗ್ಗೆ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಎಷ್ಟು ಸಮೃದ್ಧ ಪದಗಳಿವೆ ಎಂದು ಅಂದೇ ತಿಳಿದದ್ದು. ಇಪ್ಪತ್ತೇಳು ಜನ ಆಟ ಬಿಟ್ಟರು. ಸೆಲ್ವಿ ಬರಲಿಲ್ಲ.

ಉಳಿದದ್ದು ಒಂದೇ ದಾರಿ. ಭಾನುವಾರ ಗಂಡನನ್ನು ಎಳೆದುಕೊಂಡು ರೈಲಿನಲ್ಲಿ ಕೆ.ಜಿ.ಎಫ್.ನ ಊರಿಗಾಂಗೆ ಹೋದೆ. ಗಣಿ ಕಾರ್ಮಿಕರ ಹಳೆಯ ಲೈನ್ ಮನೆಗಳ ಮುಂದೆ ನಿಂತು "ಇಲ್ಲಿ ಸೆಲ್ವಿ ಅಂತ ಯಾರಾದರೂ..." ಎಂದು ಕೇಳುವುದರಲ್ಲೇ ನಾಲ್ಕು ಜನ ಸೆಲ್ವಿಯರು ಹೊರಗೆ ಬಂದರು. ಯಾರೂ ಗಣಿಪೇಟೆ ಕೇಳಿದವರಲ್ಲ. ಒಬ್ಬರು ಟೀ ಕೊಟ್ಟರು. ಕೊನೆಯ ಸೆಲ್ವಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ನೀವು ಯಾರು ಮೇಡಂ?" ಅಂದರು.

ಟೀ ಕುಡಿದ ಹುಮ್ಮಸ್ಸಿನಲ್ಲಿ ಹೇಳಿಬಿಟ್ಟೆ. "ಗಣಿಪೇಟೆ ಆಡಳಿತಗಾರ್ತಿ. ಇಪ್ಪತ್ತೊಂಬತ್ತು ಮನೆಗೆ ನಲ್ಲಿ ಕೊಟ್ಟಿದ್ದೇನೆ."

ಆಕೆ ಒಳಗೆ ತಿರುಗಿ ತಮಿಳಿನಲ್ಲಿ ಏನೋ ಕೂಗಿದರು. ಎರಡು ನಿಮಿಷದಲ್ಲಿ ಇಡೀ ಲೈನ್ ನನ್ನ ಮುಂದಿತ್ತು, ಖಾಲಿ ಕೊಡಗಳ ಸಮೇತ. "ನಮ್ಮ ಲೈನಿಗೆ ಎಪ್ಪೋ ಮೇಡಂ? ವಾರಕ್ಕೊಂದು ಸಲ ನೀರು ಬರೋದು." ಗಂಡ ಆಕಾಶ ನೋಡುತ್ತಾ ನಿಂತರು. ಅದು ಆಟದ ನಲ್ಲಿ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಹದಿನಾಲ್ಕು ಜನ ಸಹಿ ಮಾಡಿದ ಅರ್ಜಿ ಹಿಡಿದು ರೈಲು ಹತ್ತಿದೆ. "ಕೊಡು ನಲ್ಲಿ ಅಂತ ಟೈಪ್ ಮಾಡು, ಆಗಬಹುದು," ಅಂದರು ಗಂಡ.

ಅರ್ಜಿಯನ್ನು ಮರುದಿನ ನೀರಿನ ಕಚೇರಿಯಲ್ಲಿ ಕೊಟ್ಟೆ. ನನ್ನನ್ನು ಸಾಲಿನಲ್ಲಿ ನಿಲ್ಲಿಸಿದರು.

ಉಳಿದ ಮೂರು ವಾರ ಅತ್ತೆ ಗಂಜಿ ಕುಡಿದುಕೊಂಡು ಗೋಡೆ ನೋಡುತ್ತಲೇ ಕಳೆದಳು. ಪ್ಲಾಸ್ಟರ್ ಬಿಚ್ಚಿದ ದಿನವೇ ಕುಂಟುತ್ತಾ ಡೇರಿಗೆ ಹೋದಳಂತೆ, ಹಾಲು ಕರೆಯುವ ಮೊದಲೇ. ಸೆಲ್ವಿಯ ಬೀಗ್ತಿ ಕೊನೆಗೆ ಏನು ಮಾಡಿದಳು ಎಂಬುದು ಇಂದಿಗೂ ನಮಗ್ಯಾರಿಗೂ ಗೊತ್ತಿಲ್ಲ. ಮೊನ್ನೆ ಬೇತಮಂಗಲಕ್ಕೆ ಹೋದಾಗ ಅತ್ತೆ ಕೊಟ್ಟಿಗೆಯಲ್ಲಿ ಹಿಂಡಿ ಕಲಸುತ್ತಿದ್ದಳು. ನಾನು ಎದುರಿಗೆ ಕುಕ್ಕರಗಾಲಲ್ಲಿ ಕೂತು, ಇಷ್ಟು ದಿನ ನನ್ನನ್ನು ಕೊರೆಯುತ್ತಿದ್ದ ಒಂದು ಮಾತು ಕೇಳಿದೆ. ಅವಳು ಕಲಸಿ ಮುಗಿಸಿ, ಬಕೆಟ್ ಎತ್ತಿಕೊಂಡು ಹಸುವಿನ ಕಡೆ ಹೊರಟಳು. ನಾನು ಕೇಳಿದ್ದು ಇಷ್ಟೇ:

"ಅತ್ತೆ, ಆವತ್ತು ಫೋನಲ್ಲಿ ನೀನು ನಲ್ಲಿ ಬೇಕು ಅಂತ ಕೇಳಿದ್ಯಾ, ಇಲ್ಲ ಸಾಲಲ್ಲಿ ನಿಂತವರೆಲ್ಲ ಗೊಣಗೋ ಹಾಗೆ ಸುಮ್ಮನೆ ಗೊಣಗಿದ್ಯಾ?"